ಹದಿಮೂರಾದ ಮೇಲೆ ಹದಿನಾರು

"ಬರೆದಿದ್ದನ್ನ ಬರೆದ ಹಾಗೇ ಮಾಡಿದ್ರೆ ಕೇಕು ಯಾಕೆ ಬರಲ್ಲ? ಅದರಪ್ಪನಂಥದ್ದು ಬರುತ್ತೆ" ಎಂದು ತಕ್ಕಡಿಯವರು ಸೊಂಟಕ್ಕೆ ಏಪ್ರನ್ ಬಿಗಿದು ಘೋಷಿಸಿದಾಗ ಬೆಳಿಗ್ಗೆ ಹತ್ತು ಗಂಟೆ. ಅವರನ್ನೇ ಕೇಳಿದ್ದರೆ ಹತ್ತು ಗಂಟೆ ನಾಲ್ಕು ನಿಮಿಷ.

ತಕ್ಕಡಿ ಅಂದರೆ ಅವರ ಹೆಸರಲ್ಲ, ಬಿರುದು. ಔಷಧಿ ಅಂಗಡಿಯಲ್ಲಿ ಮೂವತ್ತೆಂಟು ವರ್ಷ ಪುಡಿ ತೂಗಿ, ಪೊಟ್ಟಣ ಕಟ್ಟಿ, ಎಳ್ಳಷ್ಟೂ ಆಚೀಚೆ ಮಾಡದೆ ನಿವೃತ್ತರಾದ ಕಾಂಪೌಂಡರಿಗೆ ಗಿರಾಕಿಗಳು ಇಟ್ಟಿದ್ದು. ಬೀಳ್ಕೊಡುವ ದಿನ ಅಂಗಡಿಯವರು ಹಳೇ ಹಿತ್ತಾಳೆ ತಕ್ಕಡಿಯನ್ನೇ ಉಡುಗೊರೆ ಕೊಟ್ಟು ಕೈ ತೊಳೆದುಕೊಂಡಿದ್ದರು. ಅದು ಈಗ ಅಡುಗೆಮನೆ ಕಟ್ಟೆಯ ಮೇಲೆ ಸಿಂಹಾಸನಾರೂಢವಾಗಿದೆ. ಅವರ ಹೆಂಡತಿಗೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಆಕೆ ಕಣ್ಣಳತೆಯವರು. "ಉಪ್ಪು ಎಷ್ಟು ಹಾಕಿದ್ದೀಯ?" ಎಂದರೆ "ಹಾಕಿದ್ದೀನಿ" ಎನ್ನುವವರು.

ಆ ದಿನ ಪಣಕ್ಕಿದ್ದದ್ದು ಬರೀ ಕೇಕಲ್ಲ, ಅಮ್ಮನ ನೋಟುಬುಕ್ಕು. ಅಮ್ಮ ಹೋಗಿ ಹನ್ನೊಂದು ವರ್ಷ. ಅವಳ ಕೈಬರಹ ಅಂತ ಉಳಿದದ್ದು ಅದೊಂದೇ. ರಟ್ಟು ಕಿತ್ತ, ಬೆಣ್ಣೆಯ ಜಿಡ್ಡು ಹಿಡಿದ, ಅಕ್ಕನ ಶಾಲೆಯ ಹಳೇ ಪುಸ್ತಕ. ಅದು ತಮಗೇ ಬೇಕೆಂದು ತಕ್ಕಡಿಯವರು, ತನಗೇ ಬೇಕೆಂದು ಟೀಚರಾಗಿ ನಿವೃತ್ತಳಾದ ಅವರ ಅಕ್ಕ. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂದು ಅದು ಓಡಾಡಿಕೊಂಡಿತ್ತು. ಕೊನೆಗೆ ಅಕ್ಕ ಫೋನಿನಲ್ಲೇ ತೀರ್ಪು ಕೊಟ್ಟಳು.

"ನೋಡೋ, ಭಾನುವಾರ ನಾಲ್ಕು ಗಂಟೆಗೆ ಬರ್ತೀನಿ. ಆ ಪುಸ್ತಕ ನೋಡ್ಕೊಂಡು ಅಮ್ಮನ ಕೇಕು ಮಾಡಿಡು. ಅದೇ ರುಚಿ ಬಂದ್ರೆ ಪುಸ್ತಕ ನಿಂದು. ಇಲ್ದಿದ್ರೆ ಬ್ಯಾಗಿಗೆ ಹಾಕ್ಕೊಂಡು ಹೊರಟೆ."

"ಡಾಕ್ಟರ ಚೀಟಿ ಓದಿದವನಿಗೆ ಅಮ್ಮನ ಅಕ್ಷರ ಯಾವ ಲೆಕ್ಕ ಬಿಡು" ಎಂದಿದ್ದರು ತಕ್ಕಡಿಯವರು.

ಅಮ್ಮ ಕೇಕು ಮಾಡುತ್ತಿದ್ದ ಭಾನುವಾರಗಳು ಅವರಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಕಿಟಕಿಯ ಪಕ್ಕ ಪಿಂಗಾಣಿ ಬೋಗುಣಿ, ಅದರೊಳಗೆ ಗರಗರ ತಿರುಗುವ ಮರದ ಸೌಟು. ಪಕ್ಕದಲ್ಲಿ ಸ್ಟೂಲು ಹತ್ತಿ, ಪೆನ್ಸಿಲು ಹಿಡಿದು ನಿಂತ ಆರು ವರ್ಷದ ಪುಟ್ಟ, ಅಂದರೆ ಇವರೇ.

"ಸಕ್ಕರೆ ಎಷ್ಟಮ್ಮ?"

"ಸಾಕು ಅನ್ನಿಸೋವಷ್ಟು."

"ಅಂದ್ರೆ ಎಷ್ಟು?"

"ಅಯ್ಯೋ, ಸಾಕು ಅನ್ನಿಸೋವಷ್ಟು ಕಣೋ."

ಪುಟ್ಟನಿಗೆ ಅಳುವೇ ಬರುತ್ತಿತ್ತು. ಒಂದು ದಿನ ಅವನು ರಚ್ಚೆ ಹಿಡಿದು ಊಟ ಬಿಟ್ಟ ಮೇಲೆ ಅಮ್ಮ ಸೋತು, ಅಕ್ಕನ ನೋಟುಬುಕ್ಕಿನಲ್ಲಿ ಅಳತೆ ಸಮೇತ ಬರೆದಿಟ್ಟಿದ್ದಳು.

ಅದೇ ಪುಟ ಈಗ ಅವರೆದುರು ತೆರೆದಿತ್ತು. ಹಿಟ್ಟು ಎರಡು ಲೋಟ, ತೂಗಿದರು. ಸಕ್ಕರೆ ಒಂದೂವರೆ, ತೂಗಿದರು. ಮೊಟ್ಟೆ ಮೂರು, ಅವನ್ನೂ ತೂಗಿ, ಒಂದು ದಢೂತಿ ಮೊಟ್ಟೆಯನ್ನು ಅನರ್ಹಗೊಳಿಸಿದರು.

"ರೀ, ಕೇಕು ಆಮೇಲೆ ಮಾಡಿ. ಒಂದು ವಾರದಿಂದ ಸಿಂಕು ಕಟ್ಟಿಕೊಂಡಿದೆ, ಅದನ್ನ ನೋಡಿ ಅಂತ ಬಡ್ಕೊಂಡೆ."

"ಒಂದು ಮಹತ್ಕಾರ್ಯದ ನಡುವೆ ಸಿಂಕಿನ ಮಾತಾಡ್ಬೇಡ."

'ಹಾಲು ಸೇರಿಸಿ ಕಲಸಬೇಕು' ಎಂಬಲ್ಲಿಗೆ ಪುಟ ಮುಗಿಯಿತು. ತಕ್ಕಡಿಯವರು ಹಾಳೆ ತಿರುವಿ ಗಟ್ಟಿಯಾಗಿ ಓದಿದರು. "ಒಂದು ಹಿಡಿ ಅಡುಗೆ ಸೋಡಾ ಸುರಿಯಬೇಕು."

"ಕೇಕಿಗೆ ಹಿಡಿ ಸೋಡಾನಾ? ಚಿಟಿಕೆ ಇರ್ಬೇಕು, ಸರಿಯಾಗಿ ನೋಡಿ."

"ಹಿಡಿ ಅಂತಿದೆ, ಹಿಡಿಯೇ. ಎರಡೂ ಗುಡಿಸು ಸ್ಪಷ್ಟವಾಗಿವೆ."

ಆದರೆ ಯಾರ ಹಿಡಿ? ಅವರದೋ ಕುಸ್ತಿಪಟುವಿನ ಹಸ್ತ. ಅಮ್ಮನ ಕೈ ಎಷ್ಟಿತ್ತು? ಜ್ವರ ಬಂದಾಗ ಅವರ ಹಣೆಯ ಮೇಲೆ ಇಟ್ಟರೆ ಎರಡು ಹುಬ್ಬಿನ ಆಚೆಗೆ ಸ್ವಲ್ಪವೇ ಚಾಚುತ್ತಿತ್ತು. ತಕ್ಕಡಿಯವರು ತಮ್ಮ ಹಣೆಯನ್ನು ಬೆರಳಿನಿಂದ ಅಳೆದುಕೊಂಡರು. ಆಮೇಲೆ ಕೆಮ್ಮಿ, ನಲವತ್ತು ಗ್ರಾಂ ಎಂದು ನಿರ್ಧರಿಸಿದರು.

"ಮೇಲೆ ಅರ್ಧ ಲೋಟ ವಿನೆಗರ್. ನೊರೆ ಬರುತ್ತದೆ, ಹೆದರಬಾರದು" ಎಂದು ಮುಂದಕ್ಕೆ ಓದಿದರು. "ನೋಡಿದ್ಯಾ? ಆಮ್ಲ ಕ್ಷಾರ ಸೇರಿದ್ರೆ ಅನಿಲ, ಅನಿಲದಿಂದ ಕೇಕು ಉಬ್ಬುತ್ತೆ. ಶಾಲೆ ಮೆಟ್ಟಿಲು ಸರಿಯಾಗಿ ಹತ್ತದ ನಮ್ಮಮ್ಮ ರಸಾಯನಶಾಸ್ತ್ರ ಅರೆದು ಕುಡಿದಿದ್ಳು!"

ನೊರೆ ಬಂತು. ಬೋಗುಣಿ ತುಂಬಿತು, ಕಟ್ಟೆಗೆ ಇಳಿಯಿತು, ತಕ್ಕಡಿಯ ಎರಡೂ ತಟ್ಟೆಗಳನ್ನು ಸಮಸಮವಾಗಿ ಮುಳುಗಿಸಿತು. 'ಹತ್ತು ನಿಮಿಷ ಹತ್ತಿರ ಹೋಗಬಾರದು' ಎಂದು ಬರೆದಿದ್ದರಿಂದ ಅವರು ಬಾಗಿಲಲ್ಲೇ ಗಡಿಯಾರ ಹಿಡಿದು ನಿಂತು, ಒರೆಸಲು ಹೋದ ಹೆಂಡತಿಯನ್ನೂ ತಡೆದರು. ಬಳಿಕ 'ಒಂದು ಕೆಟಲ್ ಕುದಿಯುವ ನೀರು ಹೊಯ್ಯಬೇಕು' ಎಂದಿತ್ತು.

"ಕೇಕಿಗೆ ಸ್ನಾನಾನೂ ಮಾಡಿಸ್ತೀರಾ?"

"ಬರೆದಿದೆ."

ಹೊಯ್ದರು. ಕೊನೆಯ ಸಾಲು ಓದಿದಾಗ ಅವರ ಮುಖ ಅರಳಿತು. 'ಸರಾಗವಾಗಿ ಹರಿದರೆ ಕೆಲಸ ಆಯಿತು' ಎಂದಿತ್ತು. ಸೌಟು ಎತ್ತಿ ನೋಡಿದರೆ ಹಿಟ್ಟು ನೀರಿನಂತೆ ಹರಿಯುತ್ತಿತ್ತು. ಆಕೆ ಹಣೆ ಚಚ್ಚಿಕೊಂಡು ಹೊರಗೆ ಹೋದರು. ತಕ್ಕಡಿಯವರು ಅದನ್ನೇ ಅಚ್ಚಿಗೆ ಸುರಿದು ಬೇಯಲು ಇಟ್ಟರು.

ನಾಲ್ಕಕ್ಕೆ ಸರಿಯಾಗಿ ಅಕ್ಕ ಬಂದಳು. ತಟ್ಟೆಯಲ್ಲಿ ಇಟ್ಟಿಗೆ ಬಣ್ಣದ ಚಪ್ಪಟೆ ಹಲಗೆಯೊಂದಿತ್ತು. ಒಂದು ಚೂರು ಬಾಯಿಗಿಟ್ಟವಳು ಅಗಿಯುವುದನ್ನೇ ನಿಲ್ಲಿಸಿದಳು.

"ಬಟ್ಟೆ ಸೋಪು ತಿಂದ ಹಾಗಿದೆಯಲ್ಲೋ."

"ಒಂದಕ್ಷರ ಬಿಟ್ಟಿಲ್ಲ ಅಕ್ಕಾ. ಬೇಕಾದ್ರೆ ನೀನೇ ಓದು."

ಅಕ್ಕ ಕನ್ನಡಕ ಏರಿಸಿ ಓದಿದಳು. ಹಾಳೆ ತಿರುವಿದಳು, ಮತ್ತೆ ಹಿಂದಕ್ಕೆ ತಿರುವಿದಳು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಬೆರಳು ಪುಟದ ಮೂಲೆಯಲ್ಲಿ ನಿಂತಿತು.

"ಹದಿಮೂರಾದ ಮೇಲೆ ಎಷ್ಟೋ?"

"ಹದಿನಾಲ್ಕು."

"ಇಲ್ಲಿ ಹದಿನಾರಿದೆ. ಪುಟಸಂಖ್ಯೆ ಹಾಕಿದ್ದು ನಾನೇ, ಎರಡನೇ ಕ್ಲಾಸಲ್ಲಿ. ಜಗತ್ತಿನದ್ದೆಲ್ಲ ತೂಗ್ತೀಯ, ಒಂದು ಸಂಖ್ಯೆ ನೋಡೋಕಾಗ್ಲಿಲ್ವಾ?"

ಎರಡು ಹಾಳೆಗಳು ಸಕ್ಕರೆ ಪಾಕಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅಕ್ಕ ಕೆಟಲಿನ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದಳು. ಹದಿನೈದನೇ ಪುಟದ ಕೊನೆಯ ಸಾಲು ಮೊದಲು ಕಂಡಿತು. 'ಸಿಂಕು ಕಟ್ಟಿಕೊಂಡರೆ ಮಾಡಬೇಕಾದ್ದು.'

ತಕ್ಕಡಿಯವರ ಹೆಂಡತಿ ಸೆರಗು ಬಾಯಿಗೆ ತುರುಕಿಕೊಂಡು ಗೋಡೆ ಹಿಡಿದರು. ಅಕ್ಕನೂ ನಗುತ್ತ ಹದಿನಾಲ್ಕಕ್ಕೆ ಬಂದಳು. ಅಲ್ಲಿ ಅವಳ ನಗು ನಿಂತಿತು. ನಿಧಾನವಾಗಿ ಓದಿದಳು.

'ಇಷ್ಟೂ ಅಳತೆ ಪುಟ್ಟ ಊಟ ಬಿಟ್ಟ ಅಂತ ಬರೆದದ್ದು. ಎಲ್ಲ ಸುಳ್ಳು. ನಾನು ಯಾವತ್ತೂ ಅಳೆದಿಲ್ಲ. ಕಲಸುವಾಗ ಅವನು ಬೆರಳು ಅದ್ದಿ ನೆಕ್ಕಿ, ಸಾಕಮ್ಮ ಅಂದರೆ ಸಾಕು.'

ಏಪ್ರನ್ನಿನ ತುದಿಯಿಂದ ತಕ್ಕಡಿಯವರು ಕಣ್ಣು ಒರೆಸಿಕೊಂಡರು. ಅದರಲ್ಲಿ ಸೋಡಾ ಇತ್ತು, ಕಣ್ಣು ಇನ್ನಷ್ಟು ಉರಿಯಿತು.

"ಅಮ್ಮನ ತಕ್ಕಡಿ ನೀನೇ ಆಗಿದ್ಯಲ್ಲೋ" ಎಂದಳು ಅಕ್ಕ. "ಇವತ್ತು ಒಂದು ಸಲನಾದ್ರೂ ನೆಕ್ಕಿ ನೋಡಿದ್ಯಾ?"

"ಹಾಗಂತ ಬರೆದಿರ್ಲಿಲ್ಲ" ಎಂದರು ಅವರು, ಸಣ್ಣ ದನಿಯಲ್ಲಿ.

ಅಕ್ಕ ಪುಸ್ತಕ ಮುಚ್ಚಿ ತಮ್ಮನ ಹೆಂಡತಿಯ ಕೈಗಿಟ್ಟಳು. "ಇದು ನಿನ್ನ ಹತ್ರ ಇರ್ಲಿ ಕಣಮ್ಮ."

"ನನ್ನ ಹತ್ರ ಯಾಕೆ ಅತ್ತಿಗೆ? ನಾನು ಪುಸ್ತಕ ನೋಡಿ ಅಡುಗೆ ಮಾಡೋದೇ ಇಲ್ಲ."

"ಅದಕ್ಕೇ. ಭದ್ರವಾಗಿರುತ್ತೆ."

ಆಮೇಲೆ ಹೆಂಡತಿ ಹೊಸ ಬೋಗುಣಿ ತೆಗೆದು, ಕಣ್ಣಳತೆಯಲ್ಲಿ ಹಿಟ್ಟು ಸುರಿದು ಕಲಸತೊಡಗಿದರು. ತಕ್ಕಡಿಯವರಿಗೆ ಸಿಂಕಿನ ಖಾತೆ ಸಿಕ್ಕಿತು. ಹದಿನಾರನೇ ಪುಟ ನೋಡಿಕೊಂಡು ನಲವತ್ತು ಗ್ರಾಂ ಸೋಡಾ, ಅರ್ಧ ಲೋಟ ವಿನೆಗರ್, ಹತ್ತು ನಿಮಿಷ, ಒಂದು ಕೆಟಲ್ ನೀರು. ವಾರದಿಂದ ಮುನಿಸಿಕೊಂಡಿದ್ದ ಸಿಂಕು ಒಮ್ಮೆ ಗೊರಕೆ ಹೊಡೆದು, ಸರಾಗವಾಗಿ ಹರಿಯಿತು.

"ನೋಡಿದ್ರಾ, ಬರೆದ ಹಾಗೇ ಮಾಡಿದ್ರೆ—" ಎಂದು ಎದೆಯುಬ್ಬಿಸಿ ತಿರುಗುವಷ್ಟರಲ್ಲಿ ಹೆಂಡತಿ ಬೋಗುಣಿ ಮುಂದೆ ಹಿಡಿದರು. ತಕ್ಕಡಿಯವರು ಕೈ ತೊಳೆದು, ಬೆರಳು ಅದ್ದಿ, ನೆಕ್ಕಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ನೆಕ್ಕಿದರು.

"ಇನ್ನೊಂಚೂರು ಸಕ್ಕರೆ ಬೇಕು."

ಆಕೆ ಹಿತ್ತಾಳೆ ತಕ್ಕಡಿಯನ್ನು ಅವರ ಮುಂದಕ್ಕೆ ತಳ್ಳಿ, ನಗು ತಡೆದುಕೊಂಡು ಕೇಳಿದರು. "ಎಷ್ಟು?"

ಅವರು ಅಕ್ಕನ ಮುಖ ನೋಡಿದರು, ತಕ್ಕಡಿ ನೋಡಿದರು.

"ಸಾಕು ಅನ್ನಿಸೋವಷ್ಟು" ಎಂದರು.