ಇಪ್ಪತ್ತೊಂದು ದಿನಕ್ಕೆ ಒಂದೇ ಖಾನೆ

ಬಾಣಂತಿ ಇದ್ದಂಗ ಅಂದನೋ, ಹಸಗೂಸು ಇದ್ದಂಗ ಅಂದನೋ, ಈಗ ಸರಿಯಾಗಿ ನೆನಪಿಲ್ಲ. ಇಪ್ಪತ್ತೊಂದು ದಿನ ಅಂದದ್ದು ಮಾತ್ರ ಖಚಿತ. ಹೇಳಿದವನು ನಮ್ಮ ಮೇಸ್ತ್ರಿ ಬಂದೇಅಲಿ, ಹೇಳಿದ್ದು ಹೊಸದಾಗಿ ಹಾಕಿದ ಸ್ಲ್ಯಾಬಿನ ಬಗ್ಗೆ, ಅದನ್ನು ತಮ್ಮಲ್ಲಿ ನಮೂದಿಸಲು ಬಂದವನು ನಾನು.

ನನ್ನ ಫೋನಿನಲ್ಲಿ ನೆಲೆಸಿ ನಾನು ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಕಾಯುತ್ತಿರುವ ಆಪ್ ಆದ ಮಾನ್ಯರೇ, ಸೇಡಂನಿಂದ ಧೀರೇಂದ್ರನ ಸವಿನಯ ನಮಸ್ಕಾರಗಳು. ಇಲ್ಲಿ ಬಿಸಿಲು ಕ್ಷೇಮ. ತಾವಿರುವ ಕಡೆ ಬಿಸಿಲು, ಧೂಳು, ಅಕ್ಕತಂಗಿಯರು ಇರುತ್ತಾರೋ ಇಲ್ಲವೋ ತಿಳಿಯದ ಕಾರಣ ಉಳಿದ ಕುಶಲ ಕೇಳುವ ಧೈರ್ಯ ಮಾಡಿಲ್ಲ.

ನಾನು ಇಲ್ಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ ಎಂದು ಕೋಡ್ಲಾ, ವಾಡಿ, ಶಹಾಬಾದ ಕಡೆಯ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಅವರು ಸಿಮೆಂಟು ಕಾರ್ಖಾನೆಗೆ ಹೋಗಿಬರುವ ತಂದೆಯ ಅಂಗಿ ಜಾಡಿಸಿದರೆ ಉದುರುವ ಪಾಠವನ್ನೇ ನನ್ನಿಂದ ಬರೆದುಕೊಂಡು ಹೋಗುತ್ತಾರೆ. ಕುಂಚಾವರಂ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿರುವ ನಮ್ಮ ಅಕ್ಕ ಭಾಮಾ ಈ ಮೇ ಕೊನೆಗೆ ನಿವೃತ್ತಳಾಗಿ ನನ್ನಲ್ಲಿಗೆ ಬಂದಿರಲು ಒಪ್ಪಿದ್ದಳು. ಅವಳದು ಒಂದೇ ಬೇಡಿಕೆ: ಒಳಗಿನಿಂದ ಚಿಲಕ ಹಾಕಿಕೊಳ್ಳಲು ಬರುವ, ತನ್ನದೇ ಒಂದು ಖೋಲಿ. ಅರವತ್ತು ವರ್ಷದಲ್ಲಿ ಅಂಥದ್ದು ಅವಳಿಗೆ ಸಿಕ್ಕಿರಲಿಲ್ಲ. ಆದ್ದರಿಂದ ಮಾಳಿಗೆಯ ಮೇಲೆ ನಾಲ್ಕು ಗೋಡೆ ಎಬ್ಬಿಸಿ, ಏಪ್ರಿಲ್ ಎರಡರಂದು ಸ್ಲ್ಯಾಬ್ ಹಾಕಿಸಿದೆ. ಬಂದೇಅಲಿ ಅದರ ಮೇಲೆ ಮಣ್ಣಿನ ಸಣ್ಣ ಮಡಿಗಳನ್ನು ಕಟ್ಟಿ, ದಿನಕ್ಕೆ ಎರಡು ಸಲ ಅವುಗಳಲ್ಲಿ ನೀರು ನಿಲ್ಲಿಸಲು ಹೇಳಿ, ಇಪ್ಪತ್ತೆರಡಕ್ಕೆ ಅಡಿಗೆ ಆಸರೆ ಕೊಟ್ಟ ಸೆಂಟ್ರಿಂಗ್ ಬಿಚ್ಚಲು ಬರುತ್ತೇನೆಂದು ಶಹಾಬಾದಿನ ಇನ್ನೊಂದು ಕೆಲಸಕ್ಕೆ ಹೋದ.

ನಾನು ತಮ್ಮ ಮುಂದೆ ಕೈಮುಗಿದು ನಿಂತದ್ದು ಆಗ. 'ಸ್ಲ್ಯಾಬಿಗೆ ನೀರು, ಎರಡರಿಂದ ಇಪ್ಪತ್ತೆರಡರವರೆಗೆ' ಎಂದು ನಿವೇದಿಸಿಕೊಂಡೆ. ತಮ್ಮಲ್ಲಿ ದಿನಾಂಕಕ್ಕೆ ಇರುವುದು ಒಂದೇ ಖಾನೆ ಎಂದು ತಾವು ತಿಳಿಸಿದಿರಿ. ಎರಡು ಎಂದು ಬರೆದೆ. ಮೂರನೆಯ ತಾರೀಖು ಬೆಳಗಾಗುವಷ್ಟರಲ್ಲಿ ಕೆಂಪಾಗಿ, ಗಡುವು ಮೀರಿದೆ ಎಂದು ಗದರಿಸಿದಿರಿ. ಕೈಯಲ್ಲಿ ಪೈಪು ಹಿಡಿದೇ ನಿಂತಿದ್ದ ನನಗೆ ಅದು ತುಸು ಅನ್ಯಾಯವೆನಿಸಿದರೂ, ಹಿರಿಯರ ಜೊತೆ ವಾದ ಬೇಡವೆಂದು ಇಪ್ಪತ್ತೆರಡು ಎಂದು ತಿದ್ದಿದೆ. ತಾವು ತಕ್ಷಣ ಶಾಂತರಾದಿರಿ. ಎಷ್ಟು ಶಾಂತರೆಂದರೆ ಆ ಕೆಲಸವೇ ಪಟ್ಟಿಯಿಂದ ಮಾಯವಾಗಿ, ಮುಂದೆಂದೋ ಬರುವವುಗಳ ಜೊತೆ ಹೋಗಿ ಕುಳಿತಿತು.

ಮೊದಲ ನಾಲ್ಕು ದಿನ ನನಗೇ ನೆನಪಿತ್ತು. ಆಮೇಲೆ ಮೌಲ್ಯಮಾಪನ ಶುರುವಾಯಿತು. ದಿನವೂ ಬೆಳಿಗ್ಗೆ ತಾವು 'ಇಂದು ಯಾವ ಕೆಲಸವೂ ಇಲ್ಲ, ಆರಾಮವಾಗಿರಿ' ಎಂದು ಹರಸುತ್ತಿದ್ದಿರಿ. ಈ ವಯಸ್ಸಿನಲ್ಲಿ ನನಗೆ ಹಾಗೆ ಹೇಳುವವರು ಬೇರೆ ಯಾರೂ ಇಲ್ಲದ್ದರಿಂದ ನಾನು ನಂಬಿದೆ. ತಲೆಯ ಮೇಲೆ ಸ್ಲ್ಯಾಬ್ ನಲವತ್ತೆರಡು ಡಿಗ್ರಿಯಲ್ಲಿ ಕಾಯುತ್ತಿತ್ತು, ಕೆಳಗೆ ನಾನು ಆರಾಮವಾಗಿದ್ದೆ. ಇಪ್ಪತ್ತೆರಡರ ಬೆಳಿಗ್ಗೆ ತಾವು ಗಂಟೆ ಬಾರಿಸಿದಿರಿ. ಹತ್ತಿ ಹೋಗಿ, ಒಡೆದ ಮಡಿಗಳ ಮೇಲೆ ಎರಡು ಕೊಡ ನೀರು ಸುರಿದು, ಮುಗಿಯಿತು ಎಂದು ಒತ್ತಿದೆ. ತಾವು ಬಣ್ಣದ ಚೂರುಗಳನ್ನು ಹಾರಿಸಿ ಅಭಿನಂದಿಸಿದಿರಿ.

ಒಂದು ತಾಸಿನ ನಂತರ ಬಂದ ಬಂದೇಅಲಿ ಅಭಿನಂದಿಸಲಿಲ್ಲ. ಬಿರುಕುಗಳ ಉದ್ದಕ್ಕೂ ಬೆರಳಾಡಿಸಿ, "ಸಿಮೆಂಟಿನ ಊರಾಗ ಇದ್ದು ಅದರ ಬಾಯಿಗೆ ನೀರ ಬಿಡ್ಲಿಲ್ಲಲ್ರಿ ಸರ, ಹುಡುಗರಿಗಿ ಏನ್ ಕಲಸ್ತೀರ್ರಿ ನೀವು?" ಅಂದ. ಒಡೆದು ಮತ್ತೆ ಹಾಕಬೇಕು, ಅದೂ ಮಳೆ ಮುಗಿದ ಮೇಲೆ ಅಂದ. ಅಕ್ಕನಿಗೆ ಫೋನು ಮಾಡಿ ತಿಳಿಸಿದಾಗ ಅವಳು ಬಿರುಕಿನ ಬಗ್ಗೆ ಏನೂ ಕೇಳಲಿಲ್ಲ. "ಇರ್ಲಿ ಬಿಡೋ ಧೀರೂ, ಚಿಂಚೋಳಿಯೊಳಗ ಒಂದು ಖೋಲಿ ನೋಡೇನಿ," ಅಂದಳು, ಆಮೇಲೆ ಸೇರಿಸಿದಳು, "ನಾ ಬರೋದು ನಿನಗ ಭಾಳ ಜಡಾ ಆಗಿದ್ರ ಮೊದಲ ಹೇಳಬೇಕಿತ್ತು." ಹಾಗಲ್ಲ, ಆಪಿನಲ್ಲಿ ಖಾನೆ ಒಂದೇ ಇತ್ತು ಎಂಬ ಉತ್ತರವಿತ್ತು. ಅದು ಎರಡು ಕೊಡ ನೀರು ಸುರಿದವನ ಬಾಯಿಗೆ ಬರಬಾರದು.

ದೋಷ ತಮ್ಮದಲ್ಲ ಎಂದು ಮನವರಿಕೆಯಾಗಿದೆ. ಇರುವುದೆಲ್ಲ ಒಂದು ದಿನದಲ್ಲಿ ಆಗಿ ಮುಗಿಯಬೇಕೆಂಬ ತಮ್ಮ ದೃಷ್ಟಿ ಉದಾತ್ತವಾದದ್ದು, ಲೋಕವೇ ಹಿಂದುಳಿದಿದೆ. ಆದ್ದರಿಂದ ತೊಗರಿಯು ಬಿತ್ತಿದ ದಿನವೇ ರಾಶಿಗೆ ಬರುವಂತೆಯೂ, ಚಂದ್ರಂಪಳ್ಳಿ ಕೆರೆ ಒಂದು ಮಂಗಳವಾರ ತುಂಬಿ ಲೆಕ್ಕ ಚುಕ್ತಾ ಮಾಡುವಂತೆಯೂ, ವಿಷಮಜ್ವರವು ತಾನು ಬಿಡುವ ತಾರೀಖಿನಂದೇ ಹತ್ತುವಂತೆಯೂ ತಾವು ಆಜ್ಞೆ ಹೊರಡಿಸಬೇಕೆಂದು ಪ್ರಾರ್ಥನೆ. ಅಕ್ಕನ ಚಾತುರ್ಮಾಸ್ಯಕ್ಕೂ ದಯಮಾಡಿ ಒಂದು ದಿನ ಗೊತ್ತುಮಾಡಿ. ಅವಳು ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಡುವವಳು. ಅದಕ್ಕಾಗಿ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಈ ತಾರೀಖಿನಿಂದ ಆ ತಾರೀಖಿನವರೆಗೆ ಒಂದು ಗೆರೆ ಎಳೆದುಬಿಡುತ್ತಾಳೆ. ಗೆರೆ ಗದರಿಸುವುದಿಲ್ಲ, ಹರಸುವುದೂ ಇಲ್ಲ. ಅಡುಗೆಮನೆಗೆ ಹೋಗುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ, ಅಷ್ಟೆ. ಇಂಥ ಹಳೆಯ ಪದ್ಧತಿಗಳನ್ನು ತಾವು ಪರಿಗಣಿಸದಿರುವುದು ಸಹಜ.

ಕೊನೆಗೊಂದು ಪ್ರಯೋಗ ಮಾಡಿದೆ. ಅವ್ವ ತೀರಿದಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೆಂಟು. 'ಧೀರೂನ್ನ ನೋಡಿಕೊಳ್ಳುವುದು, 1983ರಿಂದ 1996ರವರೆಗೆ' ಎಂದು ಅವಳ ಪರವಾಗಿ ತಮ್ಮಲ್ಲಿ ಬರೆದೆ. ತಾವು ಒಂದೇ ದಿನಾಂಕ ಇಟ್ಟುಕೊಂಡು, ಗಡುವು ಮೀರಿ ಇಪ್ಪತ್ತೊಂಬತ್ತು ವರ್ಷವಾಯಿತು, ಅಳಿಸಲೇ ಎಂದು ಕೇಳಿದಿರಿ. ಇನ್ನೂ ಉತ್ತರಿಸಿಲ್ಲ.

ಒಂದು ದಿನದ ಮಟ್ಟಿಗಾದರೂ ತಮ್ಮ ವಿಶ್ವಾಸಿ,
ಧೀರೇಂದ್ರ, ಸೇಡಂ

ತಾ.ಕ.: ಐದು ನಕ್ಷತ್ರ ಕೊಡಿರೆಂದು ನಿನ್ನೆ ಮತ್ತೆ ಕೇಳಿದ್ದೀರಿ. ಇಂದಿನಿಂದ ಹೊಸ ಸ್ಲ್ಯಾಬ್ ಗಟ್ಟಿಯಾಗುವವರೆಗೆ ದಿನವೂ ಕೊಡೋಣವೆಂದು ತಮ್ಮಲ್ಲೇ ನಮೂದಿಸಹೋದೆ. ಒಂದೇ ದಿನಾಂಕ ಕೇಳಿದಿರಿ, ಕೊನೆಯದನ್ನು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಆರಾಮವಾಗಿರಿ. ಈ ಪತ್ರ ಅಕ್ಕನ ಕಣ್ಣಿಗೂ ಬಿದ್ದೀತು, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ: ಅಕ್ಕಾ, ಅವ್ವ ತೀರಿದ ವರ್ಷದ ಕ್ಯಾಲೆಂಡರಿನ ಮೇಲೆ ನನ್ನ ಹೆಸರಿನಲ್ಲೂ ಒಂದು ಗೆರೆ ಎಳೆದಿದ್ದಿರಬೇಕಲ್ಲ, ಅದನ್ನು ಎಲ್ಲಿಯವರೆಗೆ ಎಳೆದಿದ್ದೆ?