ಐದಿಂಚು ದೂರದ ಊರು

"ಈ ಸಲ ನಿಮ್ಮಪ್ಪನ ಬಸ್ಸಿಗಿಂತ ಮೊದಲು ಊರು ಮುಟ್ಟದಿದ್ದರೆ ನಾನು ದರ್ಜಿಯೇ ಅಲ್ಲ!" ಎಂದು ಸೂರು ಹಾರಿಹೋಗುವಂತೆ ಘೋಷಿಸಿದೆ.

ಸಂದರ್ಭ ಅಂಥದ್ದು. ಮಾವನವರು ಬಸ್ ಡ್ರೈವರ್. ಅಂದು ಅವರ ಕೊನೆಯ ಟ್ರಿಪ್. ಬೆಳಿಗ್ಗೆ ನಮ್ಮೂರು ಬಿಟ್ಟರೆ ಸಂಜೆ ಅವರೂರು. ಅಲ್ಲಿನ ಡಿಪೋದಲ್ಲಿ ಬೀಳ್ಕೊಡುಗೆ. ಅವರು ತೊಡಬೇಕಾದ ಕೋಟಿನ ಹೊಣೆ ನನ್ನದು. ಅದರ ಒಂದು ತೋಳು ಇನ್ನೂ ಗುಂಡುಪಿನ್ನುಗಳ ಕೃಪಾಕಟಾಕ್ಷದಲ್ಲೇ ನಿಂತಿತ್ತು.

"ಅಪ್ಪನ ಬಸ್ಸಲ್ಲೇ ಹೋಗೋಣ ಬನ್ನಿ" ಎಂದಳು ಹೆಂಡತಿ.

"ಹತ್ತು ಗಂಟೆ ಕುಲುಕಾಡೋಕೆ ನಾನೇನು ಔಷಧಿ ಸೀಸೆನಾ?"

ಗೋಡೆಯ ನಕ್ಷೆಗೆ ನನ್ನ ಟೇಪು ಹಿಡಿದೆ. "ನೋಡು! ಐದೇ ಇಂಚು! ಶರ್ಟಿನ ಕಾಲರಿನ ಅರ್ಧವೂ ಇಲ್ಲ! ವಿಮಾನಕ್ಕೆ ಐವತ್ತೇ ನಿಮಿಷ. ನೀವು ಬರೋ ಹೊತ್ತಿಗೆ ಕೋಟು ಇಸ್ತ್ರಿ ಮಾಡಿ, ಒಂದು ನಿದ್ದೆ ತೆಗೆದು, ಬಸ್ ಸ್ಟ್ಯಾಂಡಲ್ಲಿ ನಿಂತಿರ್ತೀನಿ."

"ಏರ್‌ಪೋರ್ಟು ಎಷ್ಟು ಇಂಚು?"

ಹೊಟ್ಟೆಕಿಚ್ಚು ಎಂದುಕೊಂಡೆ. ಅವಳು ಬಸ್ಸು ಹತ್ತಿದಳು.

ಏರ್‌ಪೋರ್ಟು ಊರಿನ ಆ ತುದಿಗಿತ್ತು. ಮಾವನ ಊರಿಗೆ ಹೋಗಲು ಮೊದಲು ಆ ಊರಿಗೇ ಬೆನ್ನು ತಿರುಗಿಸಿ ಟ್ಯಾಕ್ಸಿಯಲ್ಲಿ ತೆವಳಬೇಕು! ತಪಾಸಣೆಯಲ್ಲಿ ಕೋಟು ಕುಂಯ್ಯೋ ಎಂದು ಅರಚಿತು. ಕಾವಲಿನಾಕೆ ಅಂಗಾಲಿನ ಮುಳ್ಳು ಕೀಳುವಂತೆ ಒಂದೊಂದೇ ಪಿನ್ನು ಕಿತ್ತಳು. ಸೂಜಿಯೂ ಕತ್ತರಿಯೂ ಅವಳ ಡಬ್ಬಿ ಸೇರಿದವು.

"ವಿಮಾನದಲ್ಲಿ ಕೂತು ಹೊಲೀಬೇಕಮ್ಮಾ!" ಎಂದು ಅಂಗಲಾಚಿದೆ.

"ಯಾರ ಬಾಯಿ ಹೊಲೀತೀರಾ?" ಎಂದಳು. ಕೋಟು ನನ್ನ ಕೈಯಲ್ಲಿ, ತೋಳು ಅವಳ ಕೈಯಲ್ಲಿ!

ನಾನು ಬಿಡುವ ಆಸಾಮಿಯೇ? ತೋಳನ್ನು ಅವಳಿಂದ ಕಸಿದು ಕೊರಳಿಗೆ ಸುತ್ತಿಕೊಂಡೇ ವಿಮಾನ ಹತ್ತಿದೆ. ಅದು ಮಧ್ಯಾಹ್ನ ಮುಗಿಯುವವರೆಗೂ ಅಲ್ಲಾಡಲಿಲ್ಲ. ಕೊನೆಗೆ ಹಾರಿತು, ಇಳಿಯಿತು. ಆದರೆ ಕೆಳಗಿದ್ದುದು ಮಾವನ ಊರಲ್ಲ!

"ಅಲ್ಲಿ ಗುಡುಗು ಮಳೆ ಸರ್. ಅದಕ್ಕೇ ಪಕ್ಕದ ಊರಲ್ಲಿ ಇಳಿಸಿದೀವಿ. ನಿಂತ ಮೇಲೆ ಹೊರಡ್ತೀವಿ" ಎಂದಳು ಗಗನಸಖಿ.

"ಯಾವಾಗ ನಿಲ್ಲುತ್ತೆ?"

"ಅದನ್ನ ಮಳೇನೇ ಹೇಳ್ಬೇಕು."

ಮಳೆಯ ಮರ್ಜಿ ಕಾಯುವ ಜಾಯಮಾನ ನನ್ನದಲ್ಲ. ಜಗಳ ಮಾಡಿ ಇಳಿದೆ. ಮಾವನ ಊರಿನ ಹೆದ್ದಾರಿಗೆ ಓಡಿದೆ. ಕೋಟಿನ ತೋಳನ್ನೇ ಬಾವುಟದಂತೆ ಬೀಸಿದೆ. ಲಾರಿಗಳು ಧೂಳೆರಚಿ ಹೋದವು. ಕೊನೆಗೊಂದು ಬಸ್ಸು ಕರುಣೆ ತೋರಿ ನಿಂತಿತು. ಮುಂದಿನ ಕಿಟಕಿಯಲ್ಲಿ ನನ್ನ ಹೆಂಡತಿ!

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ, ಬಸ್ಸಿನ ಬಾಗಿಲು ಮಾತ್ರ ಬಾಯಿ ಬಿಟ್ಟಿತು. ಹತ್ತಿದೆ. ಅವಳು ಪರ್ಸಿನಿಂದ ಸೂಜಿ ದಾರ ತೆಗೆದು ನನ್ನ ಮಡಿಲಿಗೆ ಹಾಕಿ, "ಊರು ಬರೋದ್ರೊಳಗೆ ತೋಳು ಹಚ್ಚಿ" ಎಂದಳು. ಬಸ್ಸಿಗೆ ಬಸ್ಸೇ ನನ್ನನ್ನು ನೋಡುತ್ತಿತ್ತು.

ಮಾವನವರು ಗೇರು ಹಾಕಿ, ಕನ್ನಡಿಯಲ್ಲಿ ನನ್ನನ್ನು ದಿಟ್ಟಿಸಿ ನಿಟ್ಟುಸಿರು ಬಿಟ್ಟರು.

"ಅಳಿಯಂದ್ರೇ, ರೈಲು ತಪ್ಪಿಸಿಕೊಂಡವರನ್ನ ಹತ್ತಿಸಿಕೊಂಡಿದೀನಿ. ಕಾರು ಕೆಟ್ಟು ನಿಂತವರನ್ನ ಹತ್ತಿಸಿಕೊಂಡಿದೀನಿ. ಆಕಾಶದಿಂದ ಉದುರಿದವರನ್ನ ಹತ್ತಿಸಿಕೊಂಡಿರಲಿಲ್ಲ. ಪುಣ್ಯಕ್ಕೆ, ಕೊನೇ ದಿನ ಅದೂ ಆಯ್ತು!"