ಹೇಳಿದ್ದನ್ನು ಮರುನುಡಿಯಿರಿ

ಮಧ್ಯಾಹ್ನ ಎರಡು ಗಂಟೆ. ಮಣಿನಗರದ ನರ್ಸಿಂಗ್ ಹೋಮೊಂದರ ತುರ್ತು ವಾರ್ಡಿನಲ್ಲಿ ತರಬೇತಿಯ ರಬ್ಬರ್ ಗೊಂಬೆ ಮೂರನೆಯ ಸಲ ಸತ್ತಿತು.

ಅದರ ಎದೆ ಒತ್ತಲು ಯಾರೂ ಇರಲಿಲ್ಲ. ಆಜ್ಞೆ ಕೊಡಲು ಎಲ್ಲರೂ ಇದ್ದರು.

"ಇಂಜೆಕ್ಷನ್ ಕೊಡಿ!" ಎಂದರು ಡಾಕ್ಟರ್ ಮಯೂರ್.

"ಮೊದಲು ಆಕ್ಸಿಜನ್!" ಎಂದರು ಹಿರಿಯ ನರ್ಸ್ ಹಂಸಾಬೇನ್.

ಬಡಿಸುವವರೇ ಇಲ್ಲದೆ ಬರೀ ಉಪಚಾರ ಹೇಳುವವರು ತುಂಬಿದ ಮದುವೆ ಮನೆಯಂತಿತ್ತು ವಾರ್ಡು. 'ತಂಡದ ನಾಯಕ' ಎಂಬ ಚೀಟಿಯನ್ನು ಎದೆಗೆ ಅಂಟಿಸಿಕೊಂಡಿದ್ದ ನರ್ಸ್ ಭರತೇಶನ ಮಾತನ್ನು ಮಧ್ಯೆ ಬಾಯಿ ಹಾಕದೆ ಕೇಳಿದ್ದು ಗೊಂಬೆಯೊಂದೇ.

"ನಾಯಕ ಹೇಳಬೇಕು. ಉಳಿದವರು ಅದನ್ನೇ ಗಟ್ಟಿಯಾಗಿ ಮರುನುಡಿದು ಮಾಡಬೇಕು. ಸರಿಹೋಗುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ," ಎಂದರು ತರಬೇತುದಾರ ಯಶವಂತ್ ಭಾಯ್.

ಭರತೇಶನ ಮೈ ಉರಿಯಿತು. ಫೋನ್ ಬಡಿದುಕೊಂಡಿತು. ಕೈಯಲ್ಲಿ ಗ್ಲೌಸ್ ಇದ್ದುದರಿಂದ ಮೊಣಕೈಯಿಂದ ಸ್ಪೀಕರ್ ಒತ್ತಿದ. ವಡೋದರಾದಿಂದ ಅಕ್ಕ ಧನುಶ್ರೀ.

"ಎಲ್ಲಿ ಅದೀಯೋ? ಸಂಜಿಗೆ ಹುಡುಗಿ ಮನಿಯವ್ರು ಬರ್ತಾರ. ಈ ಸಲಾನೂ ರೈಲು ತಪ್ಪಿಸ್ಕೊಂಡ್ರ ನಾ ಮತ್ತ ಹುಡುಗಿ ಹುಡುಕಂಗಿಲ್ಲ ನೋಡು!"

ನಾಲ್ಕನೆಯ ಸುತ್ತು ಶುರುವಾಯಿತು. ಮಯೂರ್ ಆತುರದಲ್ಲಿ ತರಬೇತಿಯ ಶಾಕ್ ಯಂತ್ರ ಬಿಟ್ಟು ನಿಜವಾದದ್ದನ್ನೇ ಎತ್ತಿಕೊಂಡರು. ಹಂಸಾಬೇನ್ ಇನ್ನೂ ಗೊಂಬೆಯನ್ನು ಅಪ್ಪಿ ಹಿಡಿದೇ ಇದ್ದರು; ಗುಂಡಿ ಒತ್ತಿದರೆ ಕರೆಂಟ್ ಹೊಡೆಯುವುದು ಅವರಿಗೇ. ಅಷ್ಟು ಹೊತ್ತು ಹಿಂದಿಯಲ್ಲಿ ನುಂಗಿಕೊಂಡಿದ್ದ ಸಿಟ್ಟು ಭರತೇಶನ ಬಾಯಿಂದ ಧಾರವಾಡದ ಕನ್ನಡದಲ್ಲಿ ಸಿಡಿಯಿತು.

"ಬ್ಯಾಡ! ಬ್ಯಾಡ!"

ಅಲ್ಲಿ ಬೇರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ.

"ಬೆಡ್!" ಮಯೂರ್ ಯಂತ್ರ ಕೆಳಗಿಟ್ಟು ಮರುನುಡಿದರು.

"ಬೆಡ್!" ಹಂಸಾಬೇನ್ ಗೊಂಬೆ ಬಿಟ್ಟು ಎದ್ದರು. ಇಬ್ಬರೂ ಓಡಿಹೋಗಿ ಒಂದೊಂದು ಬೆಡ್ ತಳ್ಳಿಕೊಂಡು ಬಂದರು.

ಯಶವಂತ್ ಭಾಯ್ ಚಪ್ಪಾಳೆ ತಟ್ಟಿದರು. "ವಾಹ್! ಕೇಳಿದರು, ಮರುನುಡಿದರು, ಮಾಡಿದರು. ಪಾಸ್!"

ಭರತೇಶ್ ಬ್ಯಾಗಿಗೆ ಕೈ ಹಾಕಿದ.

"ನಿಲ್ಲಿ ಭರತೇಶ್ ಭಾಯ್, ಎಲ್ಲಿಗೆ? ಇಂಥ ನಾಯಕ ಮತ್ತೆಲ್ಲಿ ಸಿಗಬೇಕು? ಸಂಜೆ ಪಾಳಿಯವರಿಗೂ ನೀವೇ ಮಾಡಿ ತೋರಿಸಬೇಕು."

"ಬ್ಯಾಡ್ರೀ ಸರ, ಬ್ಯಾಡ!"

ಇನ್ನೆರಡು ಬೆಡ್ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಅವನ್ನು ಬಿಡಿಸಲು ಮತ್ತೆ ಎಲ್ಲರೂ ಆಜ್ಞೆ ಕೊಟ್ಟರು. ಅಷ್ಟರಲ್ಲಿ ವಡೋದರಾದ ರೈಲು ಮಣಿನಗರ ದಾಟಿತ್ತು.

ಭರತೇಶ್ ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದ.

"ಹಂಗಾರ ಇನ್ನ ನೀ ಬರೂದ ಬ್ಯಾಡ!" ಅಕ್ಕ ಕಿರುಚಿದಳು.

ಫೋನ್ ಸ್ಪೀಕರಿನಲ್ಲೇ ಇತ್ತು. ಐದನೆಯ ಬೆಡ್ ಬಂತು.